ಒಂದು ಕಾರಿನಷ್ಟು ಜಾಗ

ಮಾರ್ಚ್ ೩, ಸೋಮವಾರ

ಈ ಪುಸ್ತಕ ತಂದದ್ದು ಕೆಲಸದ ಅಳತೆ ಬರೆದುಕೊಳ್ಳಲು. ಮೊದಲ ಪುಟದಲ್ಲೇ ಬೇರೆ ಏನೋ ಬರೆಯುತ್ತಿದ್ದೇನೆ. ಯಾರಿಗೂ ಹೇಳಲಾಗದ್ದನ್ನು ಕಾಗದಕ್ಕೆ ಹೇಳಿದರೆ ಎದೆ ಸ್ವಲ್ಪ ಹಗುರಾದೀತೇನೋ ನೋಡೋಣ.

ಬೆಳಿಗ್ಗೆ ಬಸ್ಸಿನಲ್ಲಿ ಹೋಗುವಾಗ ಅಂಚೆ ಕಚೇರಿಯ ತಿರುವಿನಲ್ಲಿ ಒಂದು ಎತ್ತರದ ವ್ಯಾನ್ ನಿಂತಿತ್ತು. ಪರದೆ ಅಂಗಡಿಯದು, ಮೈಮೇಲೆಲ್ಲ ಪರದೆಗಳ ಚಿತ್ರ. ನಮ್ಮ ಜೋಡಿ ಹಳದಿ ಗೆರೆಯ ನಟ್ಟನಡುವೆ! ಜನವರಿಯಲ್ಲಿ ನಮ್ಮ ತಂಡವೇ ಹಾಕಿದ ಗೆರೆ. ಒಂಟಿ ಗೆರೆಯಾದರೆ ಕಂಬದ ಮೇಲಿನ ಫಲಕ ಓದಿ, ಅದು ಹೇಳಿದ ಹೊತ್ತು ಬಿಟ್ಟು ಉಳಿದ ಹೊತ್ತಿಗೆ ನಿಲ್ಲಿಸಬಹುದು. ಜೋಡಿ ಗೆರೆಗೆ ಆ ಮಾತೇ ಇಲ್ಲ, ಹಗಲೂ ರಾತ್ರಿ ನಿಷೇಧ. ಇವನಿಗೆ ಕಣ್ಣಿಲ್ಲವೇ ಎಂದು ಮೈ ಉರಿದು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ. ನನಗೆ ಇದೊಂದು ಚಟ. ಮದುವೆಗೆ ಹೋದರೂ ನೀನು ಹೆಣ್ಣು ಗಂಡು ನೋಡಲ್ಲ, ಹೊರಗಿನ ರಸ್ತೆ ನೋಡ್ತೀಯ ಅಂತ ಇವರು ಯಾವಾಗಲೂ ಆಡಿಕೊಳ್ಳುತ್ತಾರೆ.

ಹತ್ತಿರ ಹೋಗಿ ಬಗ್ಗಿ ನೋಡಿದೆ. ವ್ಯಾನಿನ ಕೆಳಗೆ ಗೆರೆ ಇರಲಿಲ್ಲ. ಈ ಕಡೆಯ ಗೆರೆ ವ್ಯಾನಿನ ಹಿಂದೆ ನಿಂತಿತ್ತು, ಆ ಕಡೆಯದು ಮುಂದೆ ಶುರುವಾಗಿತ್ತು. ಮಧ್ಯೆ ಒಂದು ಕಾರಿನಷ್ಟು ಜಾಗ ಬರೀ ಡಾಂಬರು. ಎರಡು ತುದಿಗೂ ಒಂದೊಂದು ಅಡ್ಡಗೆರೆ, ಅಚ್ಚುಕಟ್ಟಾಗಿ, ಎಡಕ್ಕೆ ಕೂದಲೆಳೆಯಷ್ಟು ವಾಲಿದ ಹಾಗೆ. ಎಡಕ್ಕೆ ವಾಲಿಸುವುದು ನನ್ನ ಕೈ.

ಹೇಗಾಯಿತು ಎಂದು ಬರೆದು ನೋಡುತ್ತೇನೆ. ಸುಣ್ಣದ ಪುಡಿ ಹಚ್ಚಿದ ದಾರ ಎಳೆದು ಗುರುತು ಹಾಕುತ್ತಾ ನಾನು ಮುಂದೆ ಹೋಗುತ್ತೇನೆ. ಹಳದಿ ಪುಡಿ ಕಾಯಿಸುವ ಯಂತ್ರ ತಳ್ಳುತ್ತಾ ಯಂತ್ರದಣ್ಣ ಹಿಂದೆ ಬರುತ್ತಾನೆ. ದಾರಿಯಲ್ಲಿ ಯಾವುದಾದರೂ ಕಾರು ನಿಂತಿದ್ದು ಯಜಮಾನ ಸಿಗದಿದ್ದರೆ ಅಷ್ಟು ಬಿಟ್ಟು ಮುಂದೆ ಹೋಗಿ, ಫುಟ್‌ಪಾತಿನ ಅಂಚಿಗೆ ಸುಣ್ಣದಲ್ಲಿ ಒಂದು ಸೊನ್ನೆ ಬರೆಯುತ್ತೇವೆ. ಮರುದಿನ ಸೊನ್ನೆ ಹುಡುಕಿಕೊಂಡು ಬಂದು ತುಂಬುತ್ತೇವೆ. ಆ ದಿನ ಅಲ್ಲೊಂದು ಹಳೆ ಕಾರು ಇತ್ತು. ರಾತ್ರಿ ಮಳೆ ಬಂದು ಸೊನ್ನೆ ತೊಳೆದುಹೋಯಿತು. ಎರಡು ದಿನ ಬಿಟ್ಟು ತುದಿ ಕಟ್ಟುವ ಕೆಲಸಕ್ಕೆ ಬಂದಾಗ ಕಾರು ಇರಲಿಲ್ಲ, ಕೈ ಎರಡು ತುದಿ ಕಂಡಿತು, ಎರಡು ಅಡ್ಡಗೆರೆ ಹಾಕಿತು. ತುದಿ ಕಂಡಲ್ಲಿ ಅಡ್ಡಗೆರೆ, ಹನ್ನೊಂದು ವರ್ಷದ ಅಭ್ಯಾಸ. ಅದನ್ನು ಹಾಕದೆ ಬಿಟ್ಟಿದ್ದರೆ ಗೆರೆ ಸವೆದಿದೆ ಎಂದು ಲೆಕ್ಕ, ನಿಷೇಧ ಹಾಗೇ ಇರುತ್ತಿತ್ತು. ಅಡ್ಡಗೆರೆ ಅಂದರೆ ಇಲ್ಲಿಗೆ ಮುಗಿಯಿತು ಎಂದು ಅರ್ಥ. ಆಮೇಲೆ ಮುಗಿದ ಕೆಲಸದ ಹಾಳೆಗೆ ಇಬ್ಬರೂ ಸಹಿ ಹಾಕಿದೆವು.

ಮಳೆ ಬರದಿದ್ದರೆ ಆಗುತ್ತಿರಲಿಲ್ಲ. ಆ ಕಾರಿನವನು ಒಂದು ಗಂಟೆ ಮೊದಲು ಬಂದಿದ್ದರೂ ಆಗುತ್ತಿರಲಿಲ್ಲ. ಯಾರಿಗಾದರೂ ಆಗಬಹುದಾದ ತಪ್ಪು.

ಮಾರ್ಚ್ ೪, ಮಂಗಳವಾರ

ಕೆಲಸಕ್ಕೆ ಮುಂಚೆ ಮತ್ತೆ ಹೋದೆ. ವ್ಯಾನಿನವನು ಆಗ ತಾನೇ ನಿಲ್ಲಿಸಿ ಇಳಿಯುತ್ತಿದ್ದ.

"ಇಲ್ಲಿ ನಿಲ್ಲಿಸಬಾರ್ದು" ಅಂದೆ.

"ಯಾಕಮ್ಮ? ಗೆರೆ ಎಲ್ಲಿದೆ ತೋರ್ಸಿ. ಈ ಅಡ್ಡಗೆರೆ ನೋಡಿ, ಆ ಅಡ್ಡಗೆರೆ ನೋಡಿ. ಗೆರೆ ಇಲ್ಲಿಗೆ ಮುಗೀತು ಅಂತ. ಕಾನೂನು ನಂಗೂ ಗೊತ್ತು. ಇಡೀ ಬೀದೀಲಿ ಇರೋದೇ ಇದೊಂದು ಜಾಗ, ಅದಕ್ಕೇ ಏಳು ಗಂಟೆಗೆಲ್ಲ ಬಂದ್ಬಿಡ್ತೀನಿ. ಇವತ್ತು ಲೇಟಾಯ್ತು."

ಗೆರೆಯ ಭಾಷೆ ಇಷ್ಟು ಸರಿಯಾಗಿ ಓದುವವನನ್ನು ನಾನು ಈವರೆಗೆ ಕಂಡಿರಲಿಲ್ಲ. ಬೇರೆ ಜಾಗದಲ್ಲಾಗಿದ್ದರೆ ಶಭಾಷ್ ಅನ್ನುತ್ತಿದ್ದೆ.

ಕೆಲಸಕ್ಕೆ ತಡವಾದರೂ ಅಲ್ಲೇ ನಿಂತೆ. ಒಂಬತ್ತಕ್ಕೆ ಎದುರಿನ ಶಿಶುವಿಹಾರದಿಂದ ಟೀಚರ್ ಬಂದರು. ಮಕ್ಕಳು ಒಂಬತ್ತು. ಒಂದು ಉದ್ದ ಹಗ್ಗಕ್ಕೆ ಒಂಬತ್ತು ಕುಣಿಕೆ, ಒಂದೊಂದು ಕುಣಿಕೆಗೆ ಒಂದೊಂದು ಮಗುವಿನ ಕೈ. ಈ ಕಡೆಯ ಉದ್ಯಾನಕ್ಕೆ ಆಡಲು ಕರೆತಂದು, ಒಂದು ಗಂಟೆ ಬಿಟ್ಟು ಇದೇ ದಾರಿಯಲ್ಲಿ ವಾಪಸ್ಸು ಕರೆದುಕೊಂಡು ಹೋಗುತ್ತಾರಂತೆ. ಟೀಚರ್ ಎಷ್ಟು ಗಿಡ್ಡ ಅಂದರೆ ದೂರದಿಂದ ಹತ್ತನೆಯ ಮಗು ಅನ್ನಿಸಬೇಕು. ಬರುವಾಗ ಪರವಾಗಿಲ್ಲ. ವಾಪಸ್ಸು ಹೋಗುವಾಗ ಅವರು ವ್ಯಾನಿನ ಮರೆಯಿಂದ ರಸ್ತೆಗೆ ಇಳಿಯಬೇಕು. ತಿರುವಿನಿಂದ ಬರುವ ಗಾಡಿ ಅವರಿಗೆ ಕಾಣುವುದಿಲ್ಲ, ಗಾಡಿಯವರಿಗೆ ಅವರು ಕಾಣುವುದಿಲ್ಲ. ಮಕ್ಕಳನ್ನು ಫುಟ್‌ಪಾತಿನ ಮೇಲೆ ನಿಲ್ಲಿಸಿ, ಮೊದಲು ತಾವೊಬ್ಬರೇ ಕೈ ಚಾಚಿಕೊಂಡು ರಸ್ತೆಗೆ ಒಂದು ಹೆಜ್ಜೆ ಇಟ್ಟು ಇಣುಕಿದರು.

ತಿರುವಿನಲ್ಲಿ ಜೋಡಿ ಗೆರೆ ಹಾಕುವುದೇ ಇದಕ್ಕೆ.

ಮಾರ್ಚ್ ೬, ಗುರುವಾರ

ಯಂತ್ರದಣ್ಣನಿಗೆ ಹೇಳಿದೆ. ಊಟದ ಡಬ್ಬಿ ತೆರೆದವನು ಹಾಗೇ ಮುಚ್ಚಿದ.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಮೂವತ್ತೊಂದಕ್ಕೆ ನನ್ನ ಕೊನೇ ದಿನ. ಈಗ ವಿಚಾರಣೆ ಅಂತ ಶುರುವಾದ್ರೆ ನನ್ನ ನಿವೃತ್ತಿ ಕಾಗದ ಅಲ್ಲೇ ಕೂತುಬಿಡುತ್ತೆ. ಹಾಳೇಲಿ ನನ್ನ ಸಹೀನೂ ಇದೆ. ಇಷ್ಟು ದಿನ ಏನೂ ಆಗಿಲ್ಲ ಅಲ್ವಾ? ಇನ್ನೊಂದು ಇಪ್ಪತ್ತೈದು ದಿನ ಬಾಯಿ ಮುಚ್ಕೊಂಡಿರು ತಾಯಿ. ಏಪ್ರಿಲ್ ಒಂದಕ್ಕೆ ನೀನೇ ಹೋಗಿ ಹೇಳು, ನನ್ನ ಹೆಸರೂ ಸೇರಿಸಿ ಹೇಳು, ನಾನು ಬೇಜಾರು ಮಾಡ್ಕೊಳಲ್ಲ."

ಯಾರಿಗೂ ತಿಳಿಯದ ಹಾಗೆ ನಾವೇ ತುಂಬಿಬಿಟ್ಟರೆ ಅಂತ ಕೇಳಿದೆ. ನಕ್ಕುಬಿಟ್ಟ. ಯಂತ್ರ ಬಿಸಿಯಾಗಲು ಎರಡು ಗಂಟೆ ಬೇಕು, ಸದ್ದು ಮೂರು ಬೀದಿಗೆ ಕೇಳುತ್ತದೆ, ಆದೇಶ ಇಲ್ಲದೆ ಗೆರೆ ಎಳೆದರೆ ಅದು ಇನ್ನೊಂದು ಅಪರಾಧ.

ಈ ಮನುಷ್ಯ ನನಗೆ ದಾರ ಹಿಡಿಯುವುದು ಕಲಿಸಿದವನು. ಮೊದಲ ವರ್ಷ ನಾನು ಎಳೆದ ಸೊಟ್ಟ ಗೆರೆಗಳಿಗೆಲ್ಲ ತಾನು ಬೈಗುಳ ತಿಂದವನು. ಆಯಿತು ಅಂದೆ. ನನ್ನ ಗುತ್ತಿಗೆ ನವೀಕರಣವೂ ಏಪ್ರಿಲಿನಲ್ಲೇ ಇದೆ ಎನ್ನುವುದು ಆಗ ನೆನಪಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಮಾರ್ಚ್ ೭, ಶುಕ್ರವಾರ

ಹೋದೆ. ವ್ಯಾನ್ ಇತ್ತು. ದಾಟಿದರು. ಬಂದೆ.

ಮಾರ್ಚ್ ೧೦, ಸೋಮವಾರ

ಶನಿವಾರ ಭಾನುವಾರ ಶಿಶುವಿಹಾರಕ್ಕೆ ರಜೆ, ಎರಡು ದಿನ ಹೊಟ್ಟೆಗೆ ಅನ್ನ ಇಳಿಯಿತು. ಇವತ್ತು ಎದ್ದ ಕೂಡಲೇ ಮತ್ತೆ ಅದೇ ಭಯ. ಆಂಬ್ಯುಲೆನ್ಸ್ ಸದ್ದು ಕೇಳಿದರೆ ಅದು ಯಾವ ಕಡೆ ಹೋಗುತ್ತದೆ ಎಂದು ಕಿಟಕಿಗೆ ಓಡುತ್ತೇನೆ.

ಆರೂವರೆಗೇ ತಿರುವಿಗೆ ಹೋಗಿ ಕಿತ್ತಳೆ ಜಾಕೆಟ್ ತೊಟ್ಟು, ಉಗ್ರಾಣದಿಂದ ತಂದ, ಗಾಡಿ ತಡೆಯಲು ಇಡುವ ಎರಡು ಪ್ಲಾಸ್ಟಿಕ್ ಶಂಕುಗಳನ್ನು ಆ ಜಾಗದಲ್ಲಿಟ್ಟು ನಿಂತೆ. ಕಿತ್ತಳೆ ಜಾಕೆಟ್ ತೊಟ್ಟವರನ್ನು ಯಾರೂ ಪ್ರಶ್ನಿಸುವುದಿಲ್ಲ. ವ್ಯಾನಿನವನು ಬಂದ, ಹಾರ್ನ್ ಬಾರಿಸಿದ, ಗೊಣಗಿದ, ಹೋದ. ಯಂತ್ರದಣ್ಣನಿಗೆ ಫೋನ್ ಮಾಡಿ ಹತ್ತೂವರೆಗೆ ಬರುತ್ತೇನೆ ಅಂದೆ. ಅವನು ಯಾಕೆ ಅಂತ ಕೇಳಲಿಲ್ಲ.

ಟೀಚರ್ ಹತ್ತಿರ ಬಂದು ಮಾತಾಡಿಸಿದರು. "ಏನು ಕೆಲಸ ನಡೀತಿದೆ ಇಲ್ಲಿ?"

"ಅಳತೆ" ಅಂದೆ.

"ದಿನಾ ಹೀಗೇ ಖಾಲಿ ಇದ್ರೆ ಎಷ್ಟು ಚೆನ್ನ! ಆ ವ್ಯಾನ್ ಇದ್ರೆ ನಂಗೆ ಪ್ರಾಣ ಹೋದಂಗಾಗುತ್ತೆ. ಕಚೇರಿಗೆ ಎರಡು ಸಲ ಫೋನ್ ಮಾಡ್ದೆ. ನಕ್ಷೆ ಪ್ರಕಾರ ಸರಿಯಾಗೇ ಇದೆ ಅಂದ್ರು."

ಒಂದು ಮಗು ನನ್ನ ಉಗುರು ನೋಡಿ "ಹಳದಿ ಆಂಟಿ" ಅಂತು. ಉಳಿದ ಎಂಟೂ ಅದನ್ನೇ ಕೂಗಿದವು.

ಇವತ್ತೊಂದು ದಿನ ಸಾಕು. ದಿನಾ ನಿಲ್ಲಲು ಆಗುತ್ತದೆಯೇ?

ಮಾರ್ಚ್ ೧೨, ಬುಧವಾರ

ಮೂರನೆಯ ದಿನವೂ ನಿಂತೆ.

ನಕ್ಷೆ ಪ್ರಕಾರ ಅಂದರೆ ಏನು ಎನ್ನುವುದು ತಲೆ ತಿನ್ನುತ್ತಿತ್ತು. ಮಧ್ಯಾಹ್ನ ಇಂಜಿನಿಯರ್ ಮೇಡಂ ಹತ್ತಿರ, ಯಾವುದೋ ಬೇರೆ ಬೀದಿಯ ಮಾತೆಂಬಂತೆ ಕೇಳಿದೆ. ನಾವು ಹಾಳೆ ಕೊಟ್ಟ ಮೇಲೆ ನಕ್ಷೆ ವಿಭಾಗದವರು ರಸ್ತೆ ನೋಡಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳುತ್ತಾರಂತೆ.

"ಅಡ್ಡಗೆರೆ ಇದ್ರೆ ಅವರಿಗೆ ಅದು ಖಾಲಿ ಜಾಗ ಅಲ್ಲಮ್ಮ, ನಿಲುಗಡೆ" ಅಂದರು ಮೇಡಂ. "ಒಂದ್ಸಲ ನಕ್ಷೆಗೆ ಹೋಯ್ತು ಅಂದ್ರೆ ತೆಗೆಯೋಕೆ ಪ್ರಕಟಣೆ ಹೊರಡಿಸ್ಬೇಕು, ಆಕ್ಷೇಪಣೆ ಕೇಳ್ಬೇಕು, ಆರು ತಿಂಗಳ ಕೆಲಸ."

"ತಪ್ಪಿ ಬಿಟ್ಟದ್ದಾದ್ರೆ?"

"ಬಿಟ್ಟವರೇ ಬರೆದುಕೊಟ್ರೆ ಅದು ದುರಸ್ತಿ. ಎರಡು ಮೂರು ದಿನದಲ್ಲಿ ಮುಗಿಸ್ಬಹುದು. ಆದ್ರೆ ತಲೆ ಕೆಟ್ಟವರು ಯಾರು ಬರೆದುಕೊಡ್ತಾರೆ? ಯಾಕೆ, ಎಲ್ಲಾದ್ರೂ ಇದ್ಯಾ?"

ಇಲ್ಲ ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಕನ್ನಡಿಯಲ್ಲಿ ನೋಡಿಕೊಂಡರೆ ತಪ್ಪು ಹಣೆಯ ಮೇಲೇ ಬರೆದ ಹಾಗಿತ್ತು.

ಮಾರ್ಚ್ ೧೪, ಶುಕ್ರವಾರ

ಅತ್ತೆ ಇವತ್ತು ಹಿಡಿದೇಬಿಟ್ಟರು. ಅವರು ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು, ಉಸಿರಿನಲ್ಲೇ ಸುಳ್ಳು ಗೊತ್ತಾಗುತ್ತದಂತೆ.

"ಮುಖ ಯಾಕೆ ಸುಟ್ಟ ಬದನೇಕಾಯಿ ಆಗಿದೆ? ಬೆಳಗಾಗೋ ಮುಂಚೆ ಎಲ್ಲಿಗೆ ಹೋಗ್ತೀಯ? ನನ್ನ ಮಗ ಪೆದ್ದ, ಕೇಳಲ್ಲ. ನಾನು ಕೇಳ್ತೀನಿ."

ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಒಂದೇ ಮಾತು ಕೇಳಿದರು: "ಜ್ವರ ಬಂದು ನೀನು ಒಂದು ದಿನ ಮಲಗಿದ್ರೆ ಅಲ್ಲಿ ಯಾರು ನಿಲ್ತಾರೆ?"

ನನಗೆ ಸಿಟ್ಟು ಬಂತು. ನಿಲ್ಲುತ್ತಿರುವುದೇ ದೊಡ್ಡದು, ಅದನ್ನು ಯಾರೂ ನೋಡುವುದಿಲ್ಲ. ಹೇಳಿದರೆ ಅಣ್ಣನ ಗತಿ ಏನು ಎಂದು ಇವರಿಗೇನು ಗೊತ್ತು.

ಮಾರ್ಚ್ ೧೮, ಮಂಗಳವಾರ

ತಡವಾಗಿ ಬಂದದ್ದಕ್ಕೆ ಕಚೇರಿಯಿಂದ ಎಚ್ಚರಿಕೆಯ ಪತ್ರ. ನಾಳೆ ಎಂಟಕ್ಕೆ ಹಾಜರಿ ಹಾಕಲೇಬೇಕು. ಉಗ್ರಾಣದವನು ಎರಡು ಶಂಕು ಎಲ್ಲಿ ಎಂದು ಕೇಳಿ ವಾಪಸ್ಸು ಇಡಿಸಿಕೊಂಡ.

ಪರದೆಯವನು ಬೀದಿಯವರ ಸಹಿ ತೆಗೆದುಕೊಳ್ಳುತ್ತಿದ್ದಾನಂತೆ, ಇರುವ ಒಂದು ನಿಲುಗಡೆ ಕಿತ್ತುಕೊಳ್ಳಬೇಡಿ ಅಂತ. ಮೂವತ್ತೆಂಟು ಜನ ಹಾಕಿದ್ದಾರೆ. ಟೀಚರ್ ಹೇಳಿದರು. ಹೇಳುತ್ತಾ ನಕ್ಕರು, ಆದರೆ ಕಣ್ಣಲ್ಲಿ ನಗು ಇರಲಿಲ್ಲ.

ಇನ್ನು ಹದಿಮೂರು ದಿನ.

ಮಾರ್ಚ್ ೧೯, ಬುಧವಾರ

ಎಂಟಕ್ಕೆ ಹಾಜರಿ ಹಾಕಿ, ಏನೋ ನೆಪ ಹೇಳಿ ಹೊರಟೆ. ಬಸ್ಸು ಸಿಗಲಿಲ್ಲ. ಅರ್ಧ ದಾರಿ ಓಡಿದೆ. ಹತ್ತು ಗಂಟೆ ಮೂರು ನಿಮಿಷಕ್ಕೆ ತಿರುವು ತಲುಪಿದಾಗ ವ್ಯಾನ್ ನಿಂತಿತ್ತು. ಮಕ್ಕಳು ಫುಟ್‌ಪಾತಿನ ಮೇಲೆ ಸಾಲಾಗಿದ್ದರು. ಟೀಚರ್ ವ್ಯಾನಿನ ಮೂತಿ ದಾಟಿ ಕೈ ಚಾಚಿ ಹೆಜ್ಜೆ ಇಟ್ಟರು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಸ್ಕೂಟರ್ ಬಂತು. ಅವರ ಚಾಚಿದ ಕೈಗೆ ಅದರ ಕನ್ನಡಿ ಬಡಿದು ಅವರು ಗಿರಕಿ ಹೊಡೆದು ಬಿದ್ದರು. ಸ್ಕೂಟರಿನವನು ಸ್ವಲ್ಪ ಮುಂದೆ ಹೋಗಿ ನಿಂತು, ಕಾಣಲೇ ಇಲ್ಲ, ಕಾಣಲೇ ಇಲ್ಲ ಎನ್ನುತ್ತಾ ಓಡಿಬಂದ. ಪಾಪ, ಅವನಿಗೆ ಎಲ್ಲಿಂದ ಕಾಣಬೇಕು.

ಒಂಬತ್ತು ಮಕ್ಕಳಲ್ಲಿ ಒಂದೂ ಹಗ್ಗ ಬಿಡಲಿಲ್ಲ. ಬಾಯಿ ತೆರೆದು ಅಳುತ್ತಾ ಹಾಗೇ ಹಿಡಿದು ನಿಂತಿದ್ದವು.

ಟೀಚರ್ ಎರಡು ಬೆರಳು ಮುರಿದುಕೊಂಡಿದ್ದಾರೆ. ನನ್ನ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಅವರ ಕೈಗೆ ಸುತ್ತಿದೆ. ರಸ್ತೆಯ ಮೇಲೆ ಕೂತಲ್ಲಿಂದಲೇ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಇಷ್ಟು ದಿನ ನೀವು ನಿಲ್ತಿದ್ರಿ, ಅದಕ್ಕೇ ಏನೂ ಆಗಿರ್ಲಿಲ್ಲ. ಇದು ನಿಮ್ಮ ಕೆಲಸಾನೂ ಅಲ್ಲ. ಥ್ಯಾಂಕ್ಸ್ ಕಣ್ರೀ. ನಿಮ್ಮ ಋಣ ದೊಡ್ಡದು."

"ಇರಲಿ ಬಿಡಿ" ಅಂದೆ.

ಇರಲಿ ಬಿಡಿ ಅಂದೆ.

ಮಾರ್ಚ್ ೨೦, ಗುರುವಾರ

ಟೀಚರ್ ರಜೆ ಹಾಕಿಲ್ಲ. ಬೆರಳಿಗೆ ಪಟ್ಟಿ ಕಟ್ಟಿಕೊಂಡು ಇವತ್ತೂ ಬಂದರು. ಇವತ್ತೂ ಮೊದಲ ಹೆಜ್ಜೆ ಅವರೇ ಇಟ್ಟರು, ಆ ಕೈಯನ್ನು ಎದೆಗೆ ಅವುಚಿಕೊಂಡು, ಇನ್ನೊಂದು ಕೈ ಚಾಚಿ.

ಮಾರ್ಚ್ ೨೧, ಶುಕ್ರವಾರ

ಮೇಡಂಗೆ ಬರೆದುಕೊಡುತ್ತೇನೆ ಎಂದು ಯಂತ್ರದಣ್ಣನಿಗೆ ಮೊದಲು ಹೇಳಿದೆ, ಹೇಳದೆ ಮಾಡಬಾರದು ಅನ್ನಿಸಿತು.

"ಹತ್ತೇ ದಿನ" ಅಂದ. "ಹತ್ತು ದಿನ ತಡ್ಕೊಳಕ್ಕಾಗಲ್ವಾ ನಿನಗೆ?"

"ನನಗೆ ಆಗುತ್ತೆ ಅಣ್ಣ. ಅವರು ದಿನಾ ಎರಡು ಸಲ ದಾಟ್ತಾರೆ."

"ನನ್ನ ಮನೆಯವಳ ಕಾಲಿನ ಆಪರೇಷನ್ನು ಆ ಕಾಗದದ ಮೇಲೆ ನಿಂತಿದೆ. ಅದೂ ಯೋಚನೆ ಮಾಡಿದ್ಯಾ?"

ಮಾಡಿದ್ದೆ. ಎರಡು ದಿನದಿಂದ ಅದನ್ನೇ ಮಾಡಿದ್ದೆ. ಹೌದು ಅಂದೆ. ಅವನು ಎದ್ದು ಯಂತ್ರದ ಹತ್ತಿರ ಹೋಗಿ ನನಗೆ ಬೆನ್ನು ಹಾಕಿ ಕೂತ. ಹನ್ನೊಂದು ವರ್ಷದಲ್ಲಿ ಅವನು ನನಗೆ ಬೆನ್ನು ಹಾಕಿದ್ದು ಇದೇ ಮೊದಲು.

ಆಮೇಲೆ ಮೇಡಂ ಕೋಣೆಗೆ ಹೋದೆ. ಕಾಗದದಲ್ಲಿ ಬರೆದದ್ದು ನಾಲ್ಕು ಸಾಲು: ಜಾಗ ಬಿಟ್ಟದ್ದು ನಾನು. ಮರುದಿನ ತುಂಬಿದ್ದೇವೋ ಇಲ್ಲವೋ ನೋಡದೆ ಅಡ್ಡಗೆರೆ ಹಾಕಿದ್ದು ನಾನು. ಮುಗಿದಿದೆ ಎಂದು ಮೊದಲು ಸಹಿ ಹಾಕಿದ್ದು ನಾನು. ಮಾರ್ಚ್ ಮೂರರಿಂದ ನನಗೆ ಗೊತ್ತಿದೆ.

ಮೇಡಂ ಎರಡು ಸಲ ಓದಿದರು. "ಇಬ್ಬರ ಸಹಿ ಇದೆಯಲ್ಲ?"

"ನಾನು ಮುಗೀತು ಅಂದೆ. ಅವರು ನಂಬಿ ಹಾಕಿದರು."

"ಆದ್ರೂ ಅವರನ್ನ ಕೇಳ್ಲೇಬೇಕಾಗುತ್ತೆ, ಅವರ ಕಾಗದ ಸ್ವಲ್ಪ ತಡ ಆಗುತ್ತೆ. ನಿಮ್ಮ ನವೀಕರಣ ಈ ಸಲ ಇಲ್ಲ. ಗೊತ್ತಲ್ಲ?" ಅಂದರು. ಕೂಗಾಡಲಿಲ್ಲ. ಕುರ್ಚಿ ತೋರಿಸಿ, ನೀರು ಕೊಟ್ಟರು. ಹದಿನೆಂಟು ದಿನ ಹೆದರಿದ್ದೆಲ್ಲ ಈ ಕೋಣೆಗೆ. ಐದು ನಿಮಿಷಕ್ಕೆ ಮುಗಿಯಿತು.

ಮಾರ್ಚ್ ೨೫, ಮಂಗಳವಾರ

ಇವತ್ತು ತುಂಬಿದೆವು. ನಿನ್ನೆ ಪರದೆಯವನಿಗೆ ನೋಟಿಸ್ ಹೋಗಿತ್ತು, ಅವನು ಫುಟ್‌ಪಾತಿನ ಮೇಲೆ ನಿಂತು ಕೆಲಸ ನೋಡುತ್ತಿದ್ದ. "ನೀವು ಹಾಕಿದ್ದನ್ನ ನಾನು ಸರಿಯಾಗೇ ಓದಿದ್ದೆ ಅಲ್ವೇನಮ್ಮ?" ಅಂದ. ಹೌದು, ನೀವು ಓದಿದ್ದು ಸರಿ ಅಂದೆ.

ಯಂತ್ರ ತಳ್ಳಿದ್ದು ಅಣ್ಣನೇ. ಬೇರೆಯವರನ್ನು ಕಳಿಸುತ್ತೇನೆ ಎಂದು ಮೇಡಂ ಹೇಳಿದರೂ ಅವನು ಬಿಡಲಿಲ್ಲವಂತೆ. ಬೆಳಗಿನಿಂದ ನನ್ನ ಜೊತೆ ಆಡಿದ್ದು ಒಂದೇ ಮಾತು: "ದಾರ ಬಿಗಿ ಹಿಡಿ." ಹಿಡಿದೆ. ಹಳೆ ಅಡ್ಡಗೆರೆ ಎರಡನ್ನೂ ಉಳಿಯಿಂದ ಕೆತ್ತಿ ತೆಗೆದದ್ದು ನಾನು. ಅಂಗೈಯಲ್ಲಿ ಗುಳ್ಳೆ ಎದ್ದಿವೆ. ಹೋಗುವಾಗ ಅವನು ಹೇಳಿಹೋಗಲಿಲ್ಲ.

ಹನ್ನೊಂದು ವರ್ಷದ ಕೆಲಸ ಇನ್ನು ಆರು ದಿನಕ್ಕೆ ಮುಗಿಯುತ್ತದೆ. ಮನೆಗೆ ಬಂದು ಇವರಿಗೆ ಹೇಳಿದೆ. ಮೊದಲೇ ಯಾಕೆ ಹೇಳಲಿಲ್ಲ ಅಂದರು.

ಮಾರ್ಚ್ ೨೭, ಗುರುವಾರ

ಆ ಕಡೆ ಕೆಲಸವಿಲ್ಲದಿದ್ದರೂ ಹತ್ತು ಗಂಟೆಗೆ ತಿರುವಿಗೆ ಹೋದೆ. ಅಲ್ಲಿ ಯಾವ ಗಾಡಿಯೂ ಇರಲಿಲ್ಲ. ಟೀಚರ್ ನನ್ನನ್ನು ಕಂಡು ದೂರದಿಂದಲೇ ಪಟ್ಟಿ ಕಟ್ಟಿದ ಕೈ ಎತ್ತಿದರು.

"ನೋಡಿದ್ರಾ! ಕೊನೆಗೂ ಹಾಕಿದ್ರು! ನೀವು ಅಷ್ಟು ದಿನ ಅಳತೆ ತಗೊಂಡಿದ್ದಕ್ಕೇ ಆಯ್ತು ಅಲ್ವಾ? ಕಚೇರೀಲಿ ನೀವೇ ಜಗಳ ಆಡಿರ್ಬೇಕು. ನಂಗೊತ್ತು. ಮಕ್ಕಳೆಲ್ಲ ಸೇರಿ ನಿಮಗೊಂದು ಚಿತ್ರ ಬರೆದಿದಾರೆ, ಹಳದಿ ಆಂಟಿಗೆ ಅಂತ." ಚೀಲಕ್ಕೆ ಕೈ ಹಾಕಿದರು.

ಹೌದು ಅಂದಿದ್ದರೆ ಮುಗಿಯುತ್ತಿತ್ತು. ಕಚೇರಿಯಲ್ಲಿ ಹೇಳಬೇಕಾದದ್ದು ಹೇಳಿ ಆಗಿತ್ತು, ಟೀಚರಿಗೂ ಹೇಳು ಎಂದು ಯಾರೂ ಹೇಳಿರಲಿಲ್ಲ.

"ಆ ಜಾಗ ಬಿಟ್ಟದ್ದೇ ನಾನು" ಅಂದೆ. "ಜನವರೀಲಿ ಗೆರೆ ಹಾಕುವಾಗ. ತುದಿಗೆ ಅಡ್ಡಗೆರೆ ಹಾಕಿ ಅದನ್ನ ನಿಲುಗಡೆ ಮಾಡಿದ್ದೂ ನಾನೇ."

ಅವರು ನಕ್ಕರು, ತಮಾಷೆ ಅಂದುಕೊಂಡು. ಆಮೇಲೆ ನನ್ನ ಮುಖ ನೋಡಿದರು. ಚೀಲದಲ್ಲಿದ್ದ ಕೈ ಅಲ್ಲೇ ನಿಂತಿತು.

"ನಿಮಗೆ ಯಾವಾಗ ಗೊತ್ತಾಯ್ತು?"

"ಈ ತಿಂಗಳು ಮೂರಕ್ಕೆ."

"ಅಂದ್ರೆ ನೀವು ಇಲ್ಲಿ ಬಂದು ನಿಲ್ಲೋಕೆ ಮುಂಚೆ."

"ಹೌದು."

"ನನ್ನ ಕೈಗೆ ಬಡೀತಲ್ಲ, ಅವತ್ತೂ ಗೊತ್ತಿತ್ತು."

"ಗೊತ್ತಿತ್ತು."

ಅವರು ಪಟ್ಟಿ ಕಟ್ಟಿದ ಬೆರಳುಗಳನ್ನೇ ನೋಡುತ್ತಾ ನಿಂತರು. ಬೈದರೆ ಸಾಕು ಅನ್ನಿಸಿತು ನನಗೆ.

"ರಸ್ತೆ ಮೇಲೆ ಕೂತ್ಕೊಂಡು ನಾನು ನಿಮಗೆ ಥ್ಯಾಂಕ್ಸ್ ಹೇಳ್ದೆ" ಅಂದರು, ತುಂಬ ಮೆಲ್ಲಗೆ. "ನೀವು ಅದನ್ನ ತಗೊಂಡ್ರಿ."

ನಾನು ತೆಗೆದುಕೊಂಡಿದ್ದೆ.

ಚೀಲದಿಂದ ಕೈಯನ್ನು ಬರಿದಾಗಿಯೇ ಹೊರತೆಗೆದರು. ಮಕ್ಕಳ ಕಡೆ ತಿರುಗಿ, ಎಲ್ಲರೂ ಹಿಡ್ಕೊಂಡ್ರಾ ಅಂದರು. ದನಿ ಎಂದಿನಂತೆಯೇ ಇತ್ತು. ಫುಟ್‌ಪಾತಿನ ಮೇಲೆ ನಿಂತಲ್ಲಿಂದಲೇ ಎರಡೂ ಕಡೆ ನೋಡಿದರು, ತಿರುವಿನವರೆಗೂ ರಸ್ತೆ ಚೆನ್ನಾಗಿ ಕಾಣುತ್ತಿತ್ತು. ಎಲ್ಲರೂ ಒಟ್ಟಿಗೆ ದಾಟಿದರು. ಟೀಚರ್ ತಿರುಗಿ ನೋಡಲಿಲ್ಲ. ಕೊನೆಯ ಮಗು ಮಾತ್ರ ತಿರುಗಿ ನನಗೆ ಕೈ ಬೀಸಿತು. ನಾನೂ ಕೈ ಎತ್ತಿದೆ, ಬೀಸಬಹುದೋ ಬೇಡವೋ ತಿಳಿಯದೆ ಅರ್ಧಕ್ಕೇ ಇಳಿಸಿದೆ.